ಎದುರುಬದುರು

ಎರಡು ಮೋಟರು, ಹೊರಬೇಕಾದ್ದು ಒಂದೇ ತೊಲೆ.
ಈ ತುದಿಗೊಂದು ಆ ತುದಿಗೊಂದು
ಮುಖಕ್ಕೆ ಮುಖ ಕೊಟ್ಟು ಕೂತಿವೆ
ಮಾತು ಬಿಟ್ಟ ಬೀಗರ ಹಾಗೆ.

ಮೊದಲ ದಿನ ಸ್ವಿಚ್ಚು ಹಾಕಿದ್ದೇ ತಡ
ಒಂದು ಮುಂದಕ್ಕೆ, ಒಂದು ಹಿಂದಕ್ಕೆ.
ನಡುವೆ ಅಲ್ಯುಮಿನಿಯಂ ತೊಲೆ
ಕಿರ್ರೆಂದು ಸೊಟ್ಟಗೆ ನಿಂತಿತು.
ರಮ್ಸೀನಾ ಓಡಿ ಪ್ಲಗ್ಗು ಕಿತ್ತಳು.
ಇಬ್ಬರಿಗೂ ಒಂದೇ ಮಾತು ಹೇಳಿದ್ದೆವು: ಬಲಕ್ಕೆ ತಿರುಗು.
ಎದುರು ಕೂತವನ ಬಲ ನನಗೆ ಎಡ ಅಂತ
ತಂತಿಗೆ ಯಾರು ಹೇಳಬೇಕು?
ಒಂದರ ಕೆಂಪು, ನೀಲಿ ಅದಲುಬದಲು ಮಾಡಿದೆವು.
ಆಮೇಲೆ
ತಿರುಗುವುದು ಬೇರೆ ಬೇರೆ, ಹೋಗುವುದು ಒಂದೇ ಕಡೆ.

ರಿಪ್ಪನ್‌ಪೇಟೆ. ವೆಲ್ಡಿಂಗ್ ಶಾಪಿನ ಹಿಂದಿನ ಶೆಡ್ಡು.
ಹಳೇ ಪ್ರಿಂಟರಿನ ಕಂಬಿ, ಗುಜರಿಯ ಬೇರಿಂಗು,
ಹೊಸದೆಂದರೆ ನಾಲ್ಕು ಡ್ರೈವರು, ಅದೂ ಕಂತಿನ ಮೇಲೆ.
ಒಂದು ಸುತ್ತಿಗೆ ಇನ್ನೂರು ಹೆಜ್ಜೆ;
ಒಂದೊಂದು ಹೆಜ್ಜೆಯನ್ನೂ ಹದಿನಾರಾಗಿ ಸೀಳಿ
ಇಡು ಅಂದರೆ ಇಡುತ್ತದೆ.
ಇಟ್ಟೆಯಾ ಅಂತ ಯಾರೂ ಕೇಳುವುದಿಲ್ಲ.
ಲೆಕ್ಕ ಮಾತ್ರ ಬೆಳೆಯುತ್ತದೆ ಬೋರ್ಡಿನಲ್ಲಿ,
ಹೆಸರು ಕೂಗದೆ ತುಂಬಿದ ಹಾಜರಿ ಪುಸ್ತಕ.

ಅಪ್ಪ, ಪೋಕರಬ್ಬ ದಿಮ್ಮಿ ಕುಯ್ಯುವ ಜೋಡಿ.
ಅಪ್ಪ ಅಟ್ಟಣಿಗೆಯ ಮೇಲೆ, ಗೆರೆ ಕಣ್ಣೆದುರಿಗೆ.
ಪೋಕರಬ್ಬ ಗುಂಡಿಯೊಳಗೆ, ಕಣ್ಣ ತುಂಬ ಹೊಟ್ಟು.
ಇಪ್ಪತ್ತೆರಡು ವರ್ಷ ಗೆರೆಯನ್ನೇ ನೋಡದೆ
ಗರಗಸ ಎಳೆದವರು. ಹಲಗೆ ನೇರ.
ಹೇಗೆ ಅಂದರೆ
‘ಮೇಲಿನವ ಬಿಟ್ಟದ್ದು ಕೈಗೆ ಗೊತ್ತಾಗ್ತದೆ’ ಅನ್ನುತ್ತಿದ್ದರು.
ಈಗ ಅಪ್ಪ ಇಲ್ಲ. ಮೊಮ್ಮಗಳ ಸ್ಕೂಟರು ಹತ್ತಿ
ಪೋಕರಬ್ಬ ಬರುತ್ತಾರೆ, ಬಾಗಿಲಿಗೆ ಬೆನ್ನು ಕೊಟ್ಟು
ಯಂತ್ರದ ಆಚೆಬದಿ ಕೂರುತ್ತಾರೆ, ಚಹಾ ಬರುವ ತನಕ.

ಅಂಗನವಾಡಿಗೆ ಮರದ ಅಕ್ಷರಮಾಲೆ,
ಸೋಮವಾರದೊಳಗೆ.
ಚೌಕ ಕೇಳಿದೆವು, ಓರೆ ಬಂತು.
ಠ ಕೇಳಿದೆವು,
ಕೋಳಿಮೊಟ್ಟೆ ಬಂತು, ಭಂಡಾರದ ಸಮೇತ.
ಒಡೆದು ಆಮ್ಲೆಟ್ ಮಾಡೋಣವಾ ಅಂದಳು ರಮ್ಸೀನಾ.
ಮೂರನೆಯ ಹಲಗೆ ಹಾಳಾದಾಗ ಅವಳೂ ನಗಲಿಲ್ಲ.

‘ಎಡಗಡೇದು ಮಾರಾಯ,’ ಅಂದರು ಪೋಕರಬ್ಬ,
‘ಗೊಣಗ್ತದೆ ಅಷ್ಟೆ, ಎಳೀತಿಲ್ಲ.’

ಒಂದೂವರೆ ಗಂಟೆ ಎಡಗಡೆ ಬಿಚ್ಚಿದೆವು.
ಬೆಲ್ಟು ಬಿಗಿ. ಕರೆಂಟು ಸರಿ.
ಡ್ರೈವರಿನ ಬೆನ್ನು ಇರಬೇಕಾದಷ್ಟೇ ಬಿಸಿ.
ಮುದುಕನ ಕಿವಿ ಹೋಯಿತು ಅಂದುಕೊಂಡೆ,
ಬಾಯಿಬಿಟ್ಟು ಹೇಳಲಿಲ್ಲ, ಪುಣ್ಯ.
ನೀರು ಕುಡಿಯಲು ಎದ್ದ ರಮ್ಸೀನಾ
ಅಜ್ಜನ ಪಕ್ಕ ನಿಂತು ಲೋಟ ಎತ್ತಿದವಳು
ಯಂತ್ರ ನೋಡಿದಳು, ನನ್ನ ನೋಡಿದಳು,
ನೀರು ನೆತ್ತಿಗೇರಿ ಕೆಮ್ಮತೊಡಗಿದಳು.

ಅವರ ಎಡ!

ನಮ್ಮ ಬಲಗಡೆ, ಪುಲ್ಲಿಯ ಕುತ್ತಿಗೆಯಲ್ಲಿ
ಜೋಳದ ಕಾಳಿಗಿಂತ ಸಣ್ಣ ಸ್ಕ್ರೂ
ಕಾಲು ಸುತ್ತು ಸಡಿಲ.
ಮೋಟರು ಇಟ್ಟ ಹೆಜ್ಜೆ ಎಲ್ಲವೂ ನಿಜ.
ಪುಲ್ಲಿಯ ತನಕ ತಲುಪಿರಲಿಲ್ಲ, ಅಷ್ಟೆ.

ಬಿಗಿದೆವು. ತೊಲೆಯನ್ನು ಮೂಲೆಗೆ ಕಳಿಸಿ
ಎರಡೂ ತುದಿ ಎರಡು ಸ್ವಿಚ್ಚು ಮುಟ್ಟುವ ತನಕ ಕಾದೆವು:
ಟಿಕ್. ಸ್ವಲ್ಪ ತಡೆದು, ಟಿಕ್.
ಮತ್ತೆ ಠ.
ಹೊಟ್ಟು ಊದಿ ಹಲಗೆಯನ್ನು ಪೋಕರಬ್ಬರ ತೊಡೆಯ ಮೇಲಿಟ್ಟೆ.
ಹೆಬ್ಬೆರಳ ಉಗುರು ಗೀರಿನೊಳಗೆ ಒಂದು ಸುತ್ತು ಹೋಗಿ
ಮೇಲ್ಗಡೆ ತಡವರಿಸಿತು.
‘ಶುರು ಮಾಡಿದ್ದು ಇಲ್ಲಿಂದ ಅಲ್ವಾ?’
ಹೌದು. ಅರ್ಧ ನೂಲು ಕೂಡಿಲ್ಲ ಇನ್ನೂ.

ಓದಲು ಬರದು ಅವರಿಗೆ. ಯಾವ ಅಕ್ಷರ ಅಂದರು.
‘ಠ, ಅಜ್ಜ. ಠಸ್ಸೆಯ ಠ.’
‘ಠಸ್ಸೆ ಗೊತ್ತಿಲ್ವಾ ನಂಗೆ?’ ಅಂದರು,
‘ಡಿಪೋದಲ್ಲಿ ದಿಮ್ಮಿ ದಿಮ್ಮಿಗೂ ಹೊಡೀತಿದ್ರು, ಸುತ್ತಿಗೇಲಿ.’
ಹಲಗೆ ತಿರುಗಿಸಿ ನನ್ನ ಕಡೆ ಹಿಡಿದರು,
ತಲೆಕೆಳಗಾಗಿ.